ದಾಯಾದಿಗಳನ್ನು ಮಾರಿಕೊಂಡವರು

ಅಮೆರಿಕದ ಕಾಲೇಜು ಫುಟ್‌ಬಾಲ್ ಇನ್ನು ದೇಶಮಟ್ಟದ ಸರಕಾಗಬೇಕಂತೆ. ಹೆಸರಾಂತ ತಂಡಗಳೆಲ್ಲ, ಹೆಚ್ಚಾಗಿ ತಮ್ಮೊಳಗೇ ಆಡಿಕೊಳ್ಳುವ ಎರಡು ದೊಡ್ಡ ಕೂಟಗಳಿಗೆ ಸೇರಿಬಿಟ್ಟರೆ ಅಭಿಮಾನಿಗಳು ತಾವಾಗಿ ಹುಟ್ಟುತ್ತಾರಂತೆ!

ಈ ಮಾತನ್ನು ಒಕ್ಲಹೋಮದಲ್ಲಿ ಹೇಳಿ ನೋಡಲಿ. ನಾರ್ಮನ್ನಿನಲ್ಲಿ ಒಕ್ಲಹೋಮ ವಿಶ್ವವಿದ್ಯಾಲಯ, ಸ್ಟಿಲ್‌ವಾಟರಿನಲ್ಲಿ ಒಕ್ಲಹೋಮ ಸ್ಟೇಟ್. ನಡುವೆ ಇರುವುದು ಸುಮಾರು 130 ಕಿಲೋಮೀಟರ್. ಅಣ್ಣ ಅಲ್ಲಿ ಓದಿದವನು, ತಂಗಿ ಇಲ್ಲಿ ಓದಿದವಳು. ವರ್ಷಕ್ಕೆ ಒಂದು ಪಂದ್ಯ, ಉಳಿದ ದಿನವೆಲ್ಲ ಅದರದೇ ಕೊಂಕು, ಅದರದೇ ಲೆಕ್ಕ. ‘ಬೆಡ್‌ಲಮ್’ ಎಂದು ಹೆಸರಾದ ಈ ಜಿದ್ದು 1910ರಿಂದ ಒಂದು ವರ್ಷವೂ ತಪ್ಪಿರಲಿಲ್ಲ. ಎರಡು ಮಹಾಯುದ್ಧಗಳಿಗೆ ಆಗದ ಕೆಲಸವನ್ನು ಟಿವಿ ಕರಾರು ಮಾಡಿ ಮುಗಿಸಿತು. 2023ರಲ್ಲಿ ಒಕ್ಲಹೋಮ ಸ್ಟೇಟ್ 27–24ರಿಂದ ಗೆದ್ದಿತು. ಮರುವರ್ಷ ಒಕ್ಲಹೋಮ ಎಸ್‌ಇಸಿ ಕೂಟಕ್ಕೆ ಹೋಯಿತು, ಪಂದ್ಯವೂ ನಿಂತಿತು.

ಬದಲಿಗೆ ಸಿಕ್ಕಿದ್ದೇನು? ಲಾಸ್ ಏಂಜಲೀಸಿನ ಯುಸಿಎಲ್‌ಎಗೂ ನ್ಯೂಜೆರ್ಸಿಯ ರಟ್ಗರ್ಸ್‌ಗೂ ಈಗ ಒಂದೇ ಕೂಟ. ಅದರ ಹೆಸರು ‘ಬಿಗ್ ಟೆನ್’, ತಂಡಗಳು 18. ಪೆಸಿಫಿಕ್ ದಡದ ಸ್ಟ್ಯಾನ್‌ಫರ್ಡ್ ಅಟ್ಲಾಂಟಿಕ್ ದಡದ ಕೂಟಕ್ಕೆ ಸೇರಿದೆ. (ಅಲ್ಲಿನ ಭೂಗೋಳದ ಮೇಷ್ಟ್ರುಗಳನ್ನು ಯಾರೂ ಕೇಳಿದಂತಿಲ್ಲ.) ರಟ್ಗರ್ಸ್ ಸೋತರೆ ಲಾಸ್ ಏಂಜಲೀಸಿನಲ್ಲಿ ಯಾರ ಹೊಟ್ಟೆ ತಣ್ಣಗಾಗುತ್ತದೆ ಸ್ವಾಮಿ? ಪಕ್ಕದ ಮನೆಯವನು ಸೋಲಬೇಕು, ನಾಳೆ ಬೆಳಿಗ್ಗೆ ಅವನ ಮುಖ ನೋಡಬೇಕು. ಅಭಿಮಾನ ಹುಟ್ಟುವುದು ಅಲ್ಲಿ.

ಟೆಕ್ಸಸ್ಸನ್ನೇ ನೋಡಿ. ಟೆಕ್ಸಸ್ ಎ ಆ್ಯಂಡ್ ಎಂ ಕೂಟ ಬದಲಿಸಿದ ಮೇಲೆ ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯದ ಜೊತೆಗಿನ ಪಂದ್ಯ 2011ಕ್ಕೆ ನಿಂತುಹೋಯಿತು. ಆಡಲೇಬೇಕೆಂದು ಶಾಸನಸಭೆಯಲ್ಲಿ ಮಸೂದೆ ಮಂಡಿಸುವವರೆಗೂ ಹೋಯಿತು ಜನರ ಹಟ. ಎರಡೂ ಒಂದೇ ಕೂಟಕ್ಕೆ ಬಂದ ಮೇಲೆ 2024ರ ನವೆಂಬರ್ 30ರಂದು ಮತ್ತೆ ಆಡಿದಾಗ ಮೈದಾನದಲ್ಲಿ ಲಕ್ಷ ಮೀರಿದ ಜನ. ಒಂದುಗೂಡಿಸಿದ್ದೂ ಕೂಟಗಳ ಅದಲುಬದಲೇ ಅಲ್ಲವೇ ಎಂದು ಬೀಗುವವರಿದ್ದಾರೆ. ಮುರಿದವರು ಯಾರಪ್ಪಾ?

ಬಿಗ್ ಟೆನ್ 2022ರಲ್ಲಿ ಮಾಡಿಕೊಂಡ ಟಿವಿ ಕರಾರಿನ ಮೊತ್ತ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಹೆಚ್ಚು ಎಂದು ವರದಿಯಾಗಿತ್ತು. ಈ ಹಣದಾಸೆಗೆ ವಾಲಿಬಾಲ್, ಸಾಫ್ಟ್‌ಬಾಲ್ ಆಡುವ ಹುಡುಗಿಯರೂ ಪುಸ್ತಕ ಕಂಕುಳಲ್ಲಿಟ್ಟುಕೊಂಡು ದೇಶದ ಈ ತುದಿಯಿಂದ ಆ ತುದಿಗೆ ವಿಮಾನ ಹತ್ತಬೇಕು. ವಿಶ್ವವಿದ್ಯಾಲಯ ಎಂಬ ಮಾತಿಗೆ ಮರ್ಯಾದೆ ಉಳಿದಿದೆಯೇ? ಅಲ್ಲಿನ ಹಲವು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳದ ಸರ್ಕಾರಿ ನೌಕರ ಫುಟ್‌ಬಾಲ್ ಕೋಚ್. ಹೊಲ ಮನೆ ಅಡವಿಟ್ಟು ಮಕ್ಕಳನ್ನು ಅಲ್ಲಿಗೆ ಓದಲು ಕಳಿಸುವ ನಮ್ಮವರಿಗೂ ಇದು ಗೊತ್ತಿರಲಿ.

ವೇಳಾಪಟ್ಟಿಯಲ್ಲಿ ಜಾಗವಿಲ್ಲ ಎಂಬ ನೆಪ ಬೇಡ. ಕೂಟದಾಚೆಗೆ ಪ್ರತಿ ತಂಡವೂ ವರ್ಷಕ್ಕೆ ಮೂರ್ನಾಲ್ಕು ಪಂದ್ಯ ಆಡುತ್ತದೆ. ಅದರಲ್ಲಿ ಒಂದನ್ನು ಪಕ್ಕದೂರಿಗೆ ಕೊಟ್ಟರಾಯಿತು. ವಾಷಿಂಗ್ಟನ್ ಮತ್ತು ವಾಷಿಂಗ್ಟನ್ ಸ್ಟೇಟ್ ಬೇರೆ ಬೇರೆ ಕೂಟಗಳಾದ ಮೇಲೂ 2024ರಲ್ಲಿ ತಮ್ಮ ನಡುವಿನ ಹಳೆಯ ಪಂದ್ಯ ‘ಆಪಲ್ ಕಪ್’ ಆಡಿದವು. ಅವರಿಗೆ ಸಿಕ್ಕ ದಿನ ಒಕ್ಲಹೋಮದವರ ಕ್ಯಾಲೆಂಡರಿನಲ್ಲೂ ಇದೆ. ಆಡುವ ಮನಸ್ಸಿಲ್ಲ, ಅಷ್ಟೆ.