ತಂತಿ ಕೂಡಿತು, ಗಂಟು ಯಾರದು?

ಮನೆಯ ತಂತಿ ಫೋನೂ ಜೇಬಿನ ಮೊಬೈಲೂ ಒಂದಾದವು, ಇನ್ನು ಒಂದೇ ಬಿಲ್ಲು ಸಾಕು ಎಂದು ಕಂಪನಿಗಳು ಡಂಗುರ ಸಾರುತ್ತಿವೆ. ಒಂದಾದದ್ದು ಹೇಗೆಂಬುದನ್ನು ಮಾತ್ರ ಹೇಳುವುದಿಲ್ಲ.

2001ರಲ್ಲಿ ಸ್ಥಿರ ದೂರವಾಣಿ ಕಂಪನಿಗಳಿಗೆ ಸೀಮಿತ ವ್ಯಾಪ್ತಿಯೊಳಗೆ ಮಾತ್ರ ಸಂಚಾರಿ ಸೇವೆ ನಡೆಸಲು ಅಪ್ಪಣೆ ಸಿಕ್ಕಿತು. ಒಂದು ದೊಡ್ಡ ಕಂಪನಿ ಆ ಬೇಲಿ ಹಾರಿತು. 2003ರ ನವೆಂಬರಿನಲ್ಲಿ ಸರ್ಕಾರ ಮಾಡಿದ್ದೇನು? ದಂಡ ಕಟ್ಟಿಸಿಕೊಂಡು ಬೇಲಿಯನ್ನೇ ಕಿತ್ತಿತು. ಎರಡಕ್ಕೂ ಒಂದೇ ಲೈಸೆನ್ಸು! ಗಿರಣಿ ಕಾರ್ಮಿಕ ಹತ್ತು ನಿಮಿಷ ತಡವಾದರೆ ಕೂಲಿಗೆ ಕತ್ತರಿ. ಬಂಡವಳಿಗ ನಿಯಮ ಮೀರಿದರೆ ನಿಯಮಕ್ಕೇ ಕತ್ತರಿ!

ಜನರ ದುಡ್ಡಿನಲ್ಲಿ ಎಳೆದ ತಂತಿಗಳಿಗೆ ವಾರಸುದಾರನಾದ ಬಿ.ಎಸ್.ಎನ್.ಎಲ್. ಗತಿಯೇನು? ಖಾಸಗಿಯವರ 4ಜಿ ಶುರುವಾದದ್ದು 2012ರಲ್ಲಿ. ನಿಗಮದ ದೇಶವ್ಯಾಪಿ 4ಜಿಗೆ ಉದ್ಘಾಟನೆಯಾದದ್ದು 2025ರಲ್ಲಿ. ನಡುವೆ 2020ರ ಜನವರಿ 31ರಂದು 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂನಿವೃತ್ತಿಯ ಹೆಸರಿನಲ್ಲಿ ಮನೆಗೆ ನಡೆದರು.

ವರ್ತಕ ಬಂಧುಗಳೇ, 2024ರ ಜುಲೈ ಮೊದಲ ವಾರದಲ್ಲಿ ಮೂರು ಖಾಸಗಿ ಕಂಪನಿಗಳೂ ಒಂದರ ಹಿಂದೊಂದು ದರ ಏರಿಸಿದವು. ಆಗ ಏರಿಸದೆ ನಿಂತದ್ದು ಸರ್ಕಾರಿ ನಿಗಮ. ಅಂಗಡಿಯ ಫೋನು, ಹಣ ಪಡೆಯುವ ಯಂತ್ರ, ಮನೆಯ ಇಂಟರ್‌ನೆಟ್ಟು ಎಲ್ಲವೂ ಒಂದೇ ಕೈಗೆ ಸಿಕ್ಕಿದ ಮೇಲೆ, ನಿಗಮವೂ ಮುಳುಗಿದರೆ ಯಾರ ಬಾಗಿಲಿಗೆ ಹೋಗುವಿರಿ?

ತಂತಿಗಳು ಕೂಡಲಿ; ಬೇಡವೆನ್ನುವವರು ಯಾರು? ಆದರೆ ಕೂಡಿದ ತಂತಿಯ ಹಿಡಿ ಜನರ ಕೈಯಲ್ಲಿರಬೇಕು. ನಿಗಮ ಉಳಿಸಿರೆಂದು ಗಿರಣಿಯೂ ಪೇಟೆಯೂ ಕೂಡಿ ಕೇಳಲಿ!