ತಂಬಾಕಿನ ಧೂಳಿನಲ್ಲಿ ನಾಲ್ಕು ತಿಂಗಳು

ಚಿತ್ರಮಂದಿರದಲ್ಲಿ ಮುಖ್ಯ ಚಿತ್ರ ಮೊದಲಾಗುವ ಮುನ್ನ ಅಣೆಕಟ್ಟು, ಪಂಚವಾರ್ಷಿಕ ಯೋಜನೆ, ಮಂತ್ರಿಗಳ ಪ್ರವಾಸ ಮೊದಲಾದವುಗಳ ವಾರ್ತಾಚಿತ್ರವೊಂದು ಬರುತ್ತಿದ್ದುದನ್ನು ಹಿರಿಯ ವಾಚಕರು ಮರೆತಿರಲಾರರು. 1948ರಲ್ಲಿ ಸ್ಥಾಪಿತವಾದ ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಜನ್ ಅವುಗಳನ್ನು ತಯಾರಿಸಿ ಕಳುಹಿಸುತ್ತಿತ್ತು. ಅವು ಮುಗಿಯುವವರೆಗೆ ಹೊರಗೆ ನಿಂತು ಚಹ ಕುಡಿಯುತ್ತಿದ್ದವರೂ ಉಂಟು. ಅವುಗಳಲ್ಲಿ ಒಳ್ಳೆಯವು ಇರಲಿಲ್ಲವೆಂದಲ್ಲ. ಆದರೆ ಕೂಲಿಯ ಹೆಣ್ಣುಮಗಳೊಬ್ಬಳು ತನ್ನ ಕಷ್ಟವನ್ನು ತಾನೇ ಹೇಳಿಕೊಳ್ಳುವುದಕ್ಕೆ ಅಲ್ಲಿ ಎಡೆ ಅಪರೂಪ. ಸರ್ಕಾರದ ಹಂಗಿಲ್ಲದೆ ಅಂತಹ ಚಿತ್ರಗಳನ್ನು ತೆಗೆಯಲೆಂದು 1980ರಲ್ಲಿ ಬೆಂಗಳೂರಿನಲ್ಲಿ ಒಂದು ತಂಡ ಹುಟ್ಟಿತು. ಅದರ ಹೆಸರು ‘ಯುಗಾಂತರ’.

ತಂಡವೆಂದರೆ ದೊಡ್ಡ ಸಂಸ್ಥೆಯೇನೂ ಅಲ್ಲ. ದೀಪಾ ಧನರಾಜ್, ಆಭಾ ಭೈಯ್ಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್, ಈ ನಾಲ್ವರೇ ಅದರ ಬಂಡವಾಳ. ನವರೋಜ್ ಅವರು ಅಷ್ಟರಲ್ಲಿಯೇ ಹೆಸರು ಗಳಿಸಿದ್ದರು. ಮಣಿ ಕೌಲ್ ಅವರ ‘ದುವಿಧಾ’ ಚಿತ್ರಕ್ಕೆ (1973) ಕ್ಯಾಮರಾ ಹಿಡಿದವರು ಅವರೇ. ಅಂಥವರು ಕಥಾಚಿತ್ರಗಳ ಬೆಳಕನ್ನು ಬಿಟ್ಟು ಮನೆಗೆಲಸದವರ ಸಭೆಗಳಿಗೂ ವಖಾರಗಳ ಕತ್ತಲೆಗೂ ಬಂದುದು ಸಾಮಾನ್ಯ ಸಂಗತಿಯಲ್ಲ. 1980ರಲ್ಲಿ ಪುಣೆಯ ಮನೆಗೆಲಸದ ಹೆಂಗಸರು ಕೂಲಿ ಹೆಚ್ಚಿಸಬೇಕೆಂದು ಕೆಲಸ ನಿಲ್ಲಿಸಿದರು. ಯುಗಾಂತರದ ಮೊದಲ ಚಿತ್ರ ‘ಮೋಲಕರೀಣ’ (1981) ಅವರನ್ನು ಕುರಿತದ್ದು.

ಎರಡನೆಯ ಚಿತ್ರಕ್ಕಾಗಿ ತಂಡವು ಬೆಳಗಾವಿ ಜಿಲ್ಲೆಯ ನಿಪ್ಪಾಣಿಗೆ ಬಂದಿತು. ಬೀಡಿ ತಂಬಾಕಿಗೆ ನಿಪ್ಪಾಣಿ ಹೆಸರಾದ ಊರು. 1981ರಲ್ಲಿ ತಂಬಾಕು ಬೆಳೆಗಾರರು ಶರದ್ ಜೋಶಿಯವರ ನೇತೃತ್ವದಲ್ಲಿ ಬೆಲೆಗಾಗಿ ಹೆದ್ದಾರಿಯನ್ನು ತಡೆದು ನಿಂತಾಗ ಪೊಲೀಸರ ಗುಂಡಿಗೆ ರೈತರು ಬಲಿಯಾದರು. ದೇಶದ ಪತ್ರಿಕೆಗಳೆಲ್ಲ ನಿಪ್ಪಾಣಿಯತ್ತ ತಿರುಗಿದವು. ಆದರೆ ರೈತನ ಹೊಲದಿಂದ ವಖಾರಕ್ಕೆ ಬಂದ ಎಲೆಯನ್ನು ಬಡಿದು, ಪುಡಿಮಾಡಿ, ಜರಡಿ ಹಿಡಿಯುವ ಸ್ತ್ರೀಯರ ಮಾತು ಯಾರಿಗೆ ಬೇಕಾಗಿತ್ತು? ಮೂಗು ಬಾಯಿಗಳಿಗೆ ಸೆರಗು ಕಟ್ಟಿಕೊಂಡರೂ ತಂಬಾಕಿನ ಧೂಳು ಎದೆಯನ್ನು ಸೇರದೆ ಬಿಡದು. ದುಡಿಮೆ ದೀರ್ಘ, ಕೂಲಿ ಅಲ್ಪ. ಆ ಸ್ತ್ರೀಯರು ಸಂಘ ಕಟ್ಟಿ ಮುಷ್ಕರ ಹೂಡಿದ್ದರು.

ಯುಗಾಂತರದವರು ಕ್ಯಾಮರಾ ಹೊತ್ತು ಬಂದು ನಾಲ್ಕು ದಿನದಲ್ಲಿ ಹಿಂದಿರುಗಲಿಲ್ಲ. ನಾಲ್ಕು ತಿಂಗಳು ಆ ಸ್ತ್ರೀಯರೊಡನೆ ಇದ್ದು ಅವರ ಮಾತನ್ನು ಕೇಳಿದರು. ಏನನ್ನು ತೋರಿಸಬೇಕು, ಹೇಗೆ ತೋರಿಸಬೇಕು ಎಂಬುದು ಆ ಮಾತುಕತೆಯಲ್ಲಿಯೇ ರೂಪುಗೊಂಡಿತು. ಅದುವರೆಗೆ ಹೊರಗಿನವರ ಕಣ್ಣಿಗೆ ಬೀಳದಿದ್ದ ವಖಾರದ ಒಳಗಿನ ದುಡಿಮೆ ಹಾಗೆ ತೆರೆಗೆ ಬಂದಿತು. ಸಂಘ ಕಟ್ಟಿದ ಹಾದಿಯಲ್ಲಿ ಆಗಿಹೋಗಿದ್ದ ಘಟನೆಗಳನ್ನು ಸ್ತ್ರೀಯರೇ ಮತ್ತೆ ನಡೆಸಿ ತೋರಿಸಿದರು. ಸಾಕ್ಷ್ಯಚಿತ್ರದಲ್ಲಿ ಅಭಿನಯ ಸಲ್ಲದೆಂದು ಮೂಗು ಮುರಿಯುವ ಪಂಡಿತರಿದ್ದಾರೆ. ತಾನು ಬಾಳಿದ್ದನ್ನೇ ತಾನು ತೋರಿಸುವವಳನ್ನು ನಟಿಯೆಂದು ಕರೆಯಬಹುದೆ?

ಅಂದಿನ ಚಿತ್ರೀಕರಣದ ಕಷ್ಟವನ್ನು ಇಂದಿನ ಮಕ್ಕಳು ಊಹಿಸಲಾರರು. ಬಳಸಿದ್ದು 16 ಮಿಲಿಮೀಟರಿನ ಫಿಲಂ. ನಾನೂರು ಅಡಿಯ ಒಂದು ಸುರುಳಿ ಹನ್ನೊಂದು ನಿಮಿಷಕ್ಕೆ ಮುಗಿದುಹೋಗುತ್ತದೆ. ತೆಗೆದದ್ದು ಸರಿಯಾಗಿದೆಯೋ ಇಲ್ಲವೋ ಎಂಬುದು ಸುರುಳಿ ಪ್ರಯೋಗಾಲಯದಲ್ಲಿ ತೊಳೆದು ಬಂದ ಮೇಲೆಯೇ ಗೊತ್ತಾಗಬೇಕು. ಒಂದೊಂದು ಅಡಿಗೂ ಹಣ ತೆರಬೇಕಾದಾಗ, ಮೊದಲು ಕೇಳಿ ಆಮೇಲೆ ಕ್ಯಾಮರಾ ತಿರುಗಿಸುವುದು ಆದರ್ಶವಷ್ಟೇ ಅಲ್ಲ, ಮಿತವ್ಯಯವೂ ಹೌದು. ಹೀಗೆ ಸುಮಾರು ಇಪ್ಪತ್ತೈದು ನಿಮಿಷದ ಚಿತ್ರ 1982ರಲ್ಲಿ ಸಿದ್ಧವಾಯಿತು. ಇಂಗ್ಲಿಷಿನಲ್ಲಿ ಅದಕ್ಕಿಟ್ಟ ಹೆಸರಿನ ಅರ್ಥ ‘ತಂಬಾಕಿನ ಕೆಂಡಗಳು’.

ಊರು ಕರ್ನಾಟಕದ್ದು, ಚಿತ್ರದ ಮಾತು ಮರಾಠಿ. ಮೈಸೂರಿನವರಿಗೆ ಇದು ವಿಚಿತ್ರವೆನಿಸೀತು. ಆಳಂದ, ಅಫಜಲಪುರಗಳವರಿಗೆ ಎನಿಸದು. ಸೊಲ್ಲಾಪುರದ ಗಡಿಗೆ ತಾಗಿದ ಆ ತಾಲ್ಲೂಕುಗಳ ಸಂತೆಯಲ್ಲಿ ಕನ್ನಡ, ಮರಾಠಿ, ಉರ್ದು ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಗಾಣಗಾಪುರಕ್ಕೆ ಬರುವ ಯಾತ್ರಿಕರಲ್ಲಿ ಮರಾಠಿಗರೇನು ಕಡಿಮೆಯೆ?

ತಂಡದ ಮೂರನೆಯ ಚಿತ್ರ ‘ಇದಿ ಕಥಾ ಮಾತ್ರಮೇನಾ’ (1983) ತೆಲುಗಿನದು. ಅದನ್ನು ಹೈದರಾಬಾದಿನ ‘ಸ್ತ್ರೀ ಶಕ್ತಿ ಸಂಘಟನ’ದ ಸದಸ್ಯೆಯರೊಡನೆ ಕೂಡಿ ತೆಗೆಯಲಾಯಿತು. ಗಂಡನ ಮನೆಯಲ್ಲಿ ಹೊಡೆತ ತಿನ್ನುವ, ಯಾರಿಗೂ ಹೇಳಿಕೊಳ್ಳಲಾರದ ಗೃಹಿಣಿಯ ಕಥೆ ಅದು. ವಖಾರದ ಕೂಲಿಯ ಕಷ್ಟವನ್ನು ನೋಡಿ ‘ಅಯ್ಯೋ ಪಾಪ’ ಎನ್ನಬಲ್ಲ ಸುಶಿಕ್ಷಿತ ಕುಟುಂಬಗಳಿಗೆ ಈ ಚಿತ್ರ ಹೆಚ್ಚು ಇರುಸುಮುರುಸು ತಂದಿದ್ದರೆ ಆಶ್ಚರ್ಯವಿಲ್ಲ. ಪತ್ನಿಯ ಮೇಲಿನ ಕ್ರೌರ್ಯವನ್ನು ಅಪರಾಧವೆಂದು ಸಾರುವ 498-ಎ ಕಲಮು ದಂಡಸಂಹಿತೆಯನ್ನು ಸೇರಿದುದೂ 1983ರಲ್ಲಿಯೇ. ಅದೇ ವರ್ಷದ ‘ಸುದೇಶಾ’ ಹಿಮಾಲಯದ ತಪ್ಪಲಿನ ಚಿಪ್ಕೋ ಚಳವಳಿಯ ಹೆಣ್ಣುಮಗಳೊಬ್ಬಳನ್ನು ಕುರಿತದ್ದು. ನಾಲ್ಕು ಚಿತ್ರಗಳಾದ ಮೇಲೆ ತಂಡದವರು ತಮ್ಮ ತಮ್ಮ ದಾರಿ ಹಿಡಿದರು. ಆಭಾ ಅವರು ದೆಹಲಿಯ ‘ಜಾಗೋರಿ’ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದರು. ದೀಪಾ ಅವರು ಕುಟುಂಬ ಯೋಜನೆಯ ಹೆಸರಿನಲ್ಲಿ ಸ್ತ್ರೀಯರ ದೇಹದ ಮೇಲೆ ನಡೆದುದನ್ನು ‘ಸಮ್‌ಥಿಂಗ್ ಲೈಕ್ ಎ ವಾರ್’ (1991) ಎಂಬ ಚಿತ್ರದಲ್ಲಿ ಬಿಚ್ಚಿಟ್ಟರು. ನವರೋಜ್ ಅವರು 2023ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಸವೆದುಹೋಗುತ್ತಿದ್ದ ಹಳೆಯ ಚಿತ್ರಗಳಿಗೆ ಬರ್ಲಿನ್ನಿನ ‘ಆರ್ಸೆನಾಲ್’ ಸಂಸ್ಥೆಯ ಜೀರ್ಣೋದ್ಧಾರದಿಂದ ಮರುಜೀವ ಬಂದಿದೆ. ಆ ಕೆಲಸ ಇಲ್ಲಿಯೇ ಏಕೆ ಆಗಲಿಲ್ಲವೆಂದು ಕೇಳುವ ಹಕ್ಕು ಕನ್ನಡಿಗರಿಗೆ ಇದೆ.

ಇಂದು ಫಿಲಂ ಸುರುಳಿಯ ಖರ್ಚಿಲ್ಲ. ಜೇವರ್ಗಿಯ ಕಾಲೇಜು ಹುಡುಗಿಯ ಕೈಯ ಫೋನಿನಲ್ಲಿಯೇ ಕ್ಯಾಮರಾ ಉಂಟು. ಹಣಕ್ಕೆ ಸಿಗದ್ದೆಂದರೆ ಆ ನಾಲ್ಕು ತಿಂಗಳು. ಭೀಮಾತೀರದ ಊರುಗಳಲ್ಲಿ ತೊಗರಿ ರಾಶಿ ಮುಗಿದು ಹೊಲದಲ್ಲಿ ಕೆಲಸವಿಲ್ಲವಾದಾಗ ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿ ಪುಣೆ, ಮುಂಬಯಿಗಳ ಕಟ್ಟಡದ ಕೆಲಸಕ್ಕೆ ಹೊರಡುತ್ತವೆ. ಅಜ್ಜಿಯರೂ ಚಿಕ್ಕ ಮಕ್ಕಳೂ ಊರಲ್ಲಿ ಉಳಿಯುತ್ತಾರೆ. ಅವರು ಮುಂಗಾರಿನ ಬಿತ್ತನೆಗೆ ಮರಳುವ ಹೊತ್ತಿಗೆ ಹೆಚ್ಚುಕಡಿಮೆ ಅಷ್ಟೇ ತಿಂಗಳು ಕಳೆದಿರುತ್ತವೆ.