ಉಣುಗಿನಿಂದ ಅಹಿಂಸೆಯೆ?

ರೋಗ ಹರಡಿ ಮಾಂಸಾಹಾರವನ್ನು ಬಿಡಿಸಬೇಕೆಂಬ ವಾದವೊಂದು 2025ರಲ್ಲಿ ‘ಬಯೋಎಥಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಮೆರಿಕದ ‘ಲೋನ್ ಸ್ಟಾರ್’ ಉಣುಗು ಕಚ್ಚಿದವರಲ್ಲಿ ಕೆಲವರ ದೇಹವು ಸಸ್ತನಿಗಳ ಮಾಂಸದಲ್ಲಿರುವ ಆಲ್ಫಾ-ಗಾಲ್ ಎಂಬ ಸಕ್ಕರೆಯನ್ನು ವಿಷವೆಂಬಂತೆ ಎದುರಿಸತೊಡಗುತ್ತದೆ. ಉಂಡ ಎರಡರಿಂದ ಆರು ಗಂಟೆಗಳ ತರುವಾಯ ಮೈಯೆಲ್ಲ ದದ್ದು, ಹೊಟ್ಟೆನೋವು. ಕೆಲವೊಮ್ಮೆ ಉಸಿರೇ ಕಟ್ಟುವುದು. ಮಾಂಸಭಕ್ಷಣೆ ತಪ್ಪೆಂದಾದರೆ ಈ ಅಲರ್ಜಿಯನ್ನು ಹಬ್ಬಿಸುವುದು ಕರ್ತವ್ಯವೇ ಸರಿ ಎಂದರು ಇಬ್ಬರು ನೀತಿಶಾಸ್ತ್ರಜ್ಞರು. ಇದನ್ನು ಕೇಳಿ ಹಿಗ್ಗುವ ಸಸ್ಯಾಹಾರಿಗಳೂ ಇದ್ದಾರು!

ಹಿಗ್ಗಲು ಇಲ್ಲೇನಿದೆ? ಉಣುಗು ಮಾಂಸಾಹಾರಿಯನ್ನೇ ಹುಡುಕಿ ಕಚ್ಚುವುದಿಲ್ಲ. ರೋಗ ತಗುಲಿದವರಲ್ಲಿ ಕೆಲವರಿಗೆ ಹಾಲೂ ಆಗದು, ಜೆಲಟಿನ್ ಕ್ಯಾಪ್ಸೂಲೂ ಆಗದು. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಹಂದಿಯ ಕರುಳಿನಿಂದ ಬಂದುದು. ಅದೂ ಕೆಲವರಿಗೆ ಅಪಾಯ. ಇದು ಪ್ರಾಣಾಂತಿಕವಲ್ಲವೆಂದು ಆ ಲೇಖಕರು ಬರೆದರು. ಅದೇ ವರ್ಷದ ನವೆಂಬರಿನಲ್ಲಿ, 2024ರಲ್ಲಿ ಮಾಂಸವುಂಡು ಸತ್ತ ನ್ಯೂಜೆರ್ಸಿಯ ಒಬ್ಬನ ಮರಣಕ್ಕೆ ಈ ಅಲರ್ಜಿಯೇ ಕಾರಣವೆಂದು ವರ್ಜೀನಿಯ ವಿಶ್ವವಿದ್ಯಾಲಯದ ವೈದ್ಯರು ತಿಳಿಸಿದರು.

ಕೃತ, ಕಾರಿತ, ಅನುಮೋದಿತ ಎಂಬ ಹಿಂಸೆಯ ಮೂರು ದಾರಿಗಳನ್ನೂ ಈ ವಾದ ತೆರೆದಿಡುತ್ತದೆ. ಉಣುಗನ್ನು ಹಬ್ಬಿಸುವವನು ನೆರೆಯವನ ಮೈಗೆ ಹಿಂಸೆಯನ್ನು ಮಾಡಿಸುತ್ತಾನೆ. ಹಿಗ್ಗುವವನು ಅದನ್ನು ಅನುಮೋದಿಸುತ್ತಾನೆ. ಮೈಯ ಭಯದಿಂದ ಬಿಟ್ಟದ್ದು ತ್ಯಾಗವಲ್ಲ, ವ್ರತವಂತೂ ಅಲ್ಲವೇ ಅಲ್ಲ. ಮನಸ್ಸಿನಲ್ಲಿ ದಯೆ ಮೂಡದ ಆ ರೋಗಿಯು ಮೀನನ್ನೂ ಕೋಳಿಯನ್ನೂ ನಿರಾತಂಕವಾಗಿ ತಿನ್ನಬಲ್ಲನು. ಉಳಿದ ಒಂದು ಹಸುವಿನ ಮಾಂಸಕ್ಕೆ ಸಮನಾಗಲು ಎಷ್ಟು ಕೋಳಿಗಳು ಸಾಯಬೇಕೋ!